ಅಂಚಿನ ಮರಗಳನ್ನು ಅಳೆದ ಮರಕುಟಿಗ

ಲೋಕವನ್ನು ಮಾಡಿ ಮುಗಿಸಿ ಕೆಲವೇ ದಿನಗಳಾಗಿದ್ದವು. ಆಗಿನ ಒಂದು ದಿನ ಈಗಿನ ಒಂದು ವರ್ಷದಷ್ಟು ಉದ್ದ. ಮಣ್ಣು ಇನ್ನೂ ಹಸಿ. ಮರಗಳ ಬೇರು ನೆಲಕ್ಕೆ ಇಳಿದಿರಲಿಲ್ಲ. ಮರಗಳು ಬೇಕಾದಲ್ಲಿಗೆ ನಡೆದು ಹೋಗುತ್ತಿದ್ದವು.

ಸೂಜಿಯಂಥ ಎಲೆಯ ಪೈನ್ ಮರಗಳೆಲ್ಲ ಒಂದೇ ಗುಡ್ಡಕ್ಕೆ ಬಂದು, ಹೆಗಲಿಗೆ ಹೆಗಲು ತಾಗಿಸಿ ನಿಂತುಬಿಟ್ಟವು. ಗುಡ್ಡವನ್ನು ಕಾಯುತ್ತಿದ್ದ ಗುಡ್ಡಜ್ಜಿಗೆ ಚಿಂತೆಯಾಯಿತು.

"ಮೊದಲ ಮಳೆ ಬಿದ್ದರೆ ಬೇರು ಇಳಿಯುತ್ತೆ. ಆಮೇಲೆ ಯಾರೂ ಕದಲೋ ಹಾಗಿಲ್ಲ. ಜಾಗ ಸಾಲದೆ ಸೊರಗೋರು ಇದ್ದರೆ ಈಗಲೇ ಹೇಳಿ, ಅರ್ಧ ಮರಗಳನ್ನ ಪಕ್ಕದ ಗುಡ್ಡಕ್ಕೆ ಕಳಿಸ್ತೀನಿ. ಯಾರು ನೋಡಿ ಬರ್ತೀರಿ?"

ಮರಕುಟಿಗ ಮುಂದೆ ಬಂದ. ಆಗ ಅವನ ತಲೆ ಕಪ್ಪಗಿತ್ತು. ಅಷ್ಟು ಉದ್ದದ ಕೊಕ್ಕಿಗೆ ಏನು ಕೆಲಸವೆಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಅವನನ್ನು ತಜ್ಞನನ್ನಾಗಿ ಮಾಡಿದರು.

ಮರಕುಟಿಗ ಒಂದು ಬಳ್ಳಿಗೆ ಹತ್ತು ಗಂಟು ಹಾಕಿ ಅಳತೆಗೆ ಹೊರಟ. ತೋಪಿನ ಸುತ್ತ ಜಿಂಕೆಗಳು ತುಳಿದು ಮಾಡಿದ ಒಳ್ಳೆಯ ದಾರಿಯಿತ್ತು. ಅವನು ದಾರಿ ಬಿಡದೆ ಅಳೆದ. ದಾರಿ ಪಕ್ಕದ ಮರಗಳಿಗೆ ಬಿಸಿಲು ಧಾರಾಳ. ಬಳ್ಳಿ ಸುತ್ತಿದರೆ ಹತ್ತು ಗಂಟೂ ಮುಗಿಯುತ್ತಿದ್ದವು.

ತೋಪಿನ ನಟ್ಟನಡುವೆ ಕಿರುಸೂಜಿ ಎಂಬ ಪುಟ್ಟ ಮರವಿತ್ತು. ಅದು ಕೂಗಿತು: "ಅಣ್ಣಾ, ಒಳಗೂ ಬನ್ನಿ. ಇಲ್ಲಿ ಬೆಳಕೇ ಬರಲ್ಲ."

ಮರಕುಟಿಗ ಎರಡು ಹೆಜ್ಜೆ ಒಳಗೆ ಹೋದ. ಒಣ ರೆಂಬೆಯೊಂದು ರೆಕ್ಕೆಗೆ ತಾಗಿತು. ಹಿಂದೆ ಬಂದ.

"ಅಂಚಿನ ಮರ ಹೇಗೋ ಒಳಗಿನ ಮರವೂ ಹಾಗೇನೇ. ನೂರು ಮರ ಅಳೆದಿದ್ದೀನಮ್ಮಾ, ನನಗೆ ಗೊತ್ತು."

ಗಾಳಿ ಕೇಳಿತು: "ನಾನೇ ಒಳಗೆ ನುಗ್ಗೋಕೆ ಆಗ್ತಿಲ್ಲ ಕಣಯ್ಯಾ. ಸರಿಯಾಗಿ ನೋಡಿದೆಯಾ?"

"ನಿನಗೆ ಅಳತೆ ಬರುತ್ತಾ?"

ಗಾಳಿಗೆ ಬರುತ್ತಿರಲಿಲ್ಲ. ತೋಪನ್ನು ಬಳಸಿಕೊಂಡು ಹೊರಟುಹೋಯಿತು.

ಮರಕುಟಿಗ ಗುಡ್ಡಜ್ಜಿಗೆ ವರದಿ ಒಪ್ಪಿಸಿದ. "ಎಲ್ಲ ಹತ್ತು ಗಂಟು, ಅಜ್ಜಿ. ಯಾರೂ ಕದಲಬೇಕಾಗಿಲ್ಲ." ವರದಿ ಚೆನ್ನಾಗಿದೆ ಎಂದು ಎಲ್ಲರೂ ಮೆಚ್ಚಿದರು. ಅಳಿಲು ಎರಡು ಸಲ ಕೇಳಿಸಿಕೊಂಡಿತು.

ಮಳೆ ಬಂತು. ಬೇರುಗಳು ಇಳಿದವು.

ಎರಡನೆಯ ಮಳೆಯಲ್ಲಿ ಆಲಿಕಲ್ಲು ಬಿತ್ತು. ತಲೆ ಉಳಿಸಿಕೊಳ್ಳಲು ಮರಕುಟಿಗ ತೋಪಿನೊಳಗೆ ನುಗ್ಗಿದ. ಅಲ್ಲಿ ಕತ್ತಲೆ. ಮರಗಳೆಲ್ಲ ಕೋಲಿನಂತೆ ಸಣ್ಣಗೆ, ಕೆಳಗಿನ ರೆಂಬೆಗಳನ್ನು ಒಣಗಿಸಿಕೊಂಡು, ಮೇಲಿನ ಒಂದು ಚೂರು ಬೆಳಕಿಗಾಗಿ ಕತ್ತೆತ್ತಿ ನಿಂತಿದ್ದವು.

"ಬಂದಿರಾ ಅಣ್ಣಾ?" ಎಂದಿತು ಕಿರುಸೂಜಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಳತೆ ತಗೋತೀರಾ? ನೆಟ್ಟಗೆ ನಿಂತ್ಕೋತೀನಿ."

ಮರಕುಟಿಗ ಬಳ್ಳಿ ಸುತ್ತಿದ. ಎರಡು ಗಂಟಿಗೇ ಮುಗಿಯಿತು. ಎಂಟು ಗಂಟಿನ ಬಳ್ಳಿ ಅವನ ಕಾಲಲ್ಲೇ ಉಳಿಯಿತು.

"ಎಷ್ಟಾಯ್ತಣ್ಣಾ?"

ಮರಕುಟಿಗನಿಗೆ ನಾಚಿಕೆ ಬಿಸಿಯಾಗಿ ಕುತ್ತಿಗೆಗೆ ಏರಿತು, ಕುತ್ತಿಗೆಯಿಂದ ನೆತ್ತಿಗೆ ಏರಿತು. ಅವನ ತಲೆ ಕೆಂಪಾಯಿತು.

ಅವನು ಹಾರಿ ಗುಡ್ಡಜ್ಜಿಯ ಬಳಿಗೆ ಹೋದ. "ಅಜ್ಜಿ, ನಾನು ಒಳಗೆ ಹೋಗಿರಲಿಲ್ಲ. ದಾರಿ ಪಕ್ಕದವನ್ನಷ್ಟೇ ಅಳೆದೆ. ಈಗ ಯಾರನ್ನಾದರೂ ಕದಲಿಸೋಕೆ ಆಗುತ್ತಾ?"

"ಬೇರು ಇಳಿದಿದೆಯಲ್ಲಪ್ಪಾ."

"ನನಗೆ ಏನು ಶಿಕ್ಷೆ?"

"ನಿನಗೆ ಶಿಕ್ಷೆ ಕೊಟ್ಟರೆ ಕಿರುಸೂಜಿಗೆ ಬೆಳಕು ಬರುತ್ತಾ? ಹೋಗು. ನನಗೆ ಹೇಳಿದ್ದನ್ನ ಅದಕ್ಕೆ ಹೇಳು."

ಮರಕುಟಿಗ ಹೊರಟ. ಆದರೆ ತೋಪಿನ ಹೊರಗೆ ಕೂತು, ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸಿದ. ಚೆನ್ನಾಗಿಯೇ ಯೋಚಿಸಿದ. ಅದಕ್ಕೆ ಮೂರು ದಿನ ಹಿಡಿಯಿತು. ಆಗಿನ ದಿನಗಳು ಉದ್ದ ಎಂದು ಮೊದಲೇ ಹೇಳಿದೆನಲ್ಲ.

ಅವನು ಒಳಗೆ ಹೋದಾಗ ಕಿರುಸೂಜಿ ಒಣಗಿತ್ತು. ಆಗಲೂ ನೆಟ್ಟಗೇ ನಿಂತಿತ್ತು.

"ತಂಗೀ," ಎಂದ. ಉತ್ತರವಿಲ್ಲ. ಕೊಕ್ಕಿನಿಂದ ಮೆಲ್ಲಗೆ ಕುಟ್ಟಿದ. ಉತ್ತರವಿಲ್ಲ. ಜೋರಾಗಿ ಕುಟ್ಟಿದ.

ಅದಕ್ಕೇ ಮಗೂ, ಇವತ್ತಿಗೂ ಕೆಂಪು ತಲೆಯ ಮರಕುಟಿಗ ದಾರಿ ಬಿಟ್ಟು ಕಾಡಿನೊಳಗೆ ಹೋಗಿ, ಒಣಗಿದ ಮರವನ್ನು ಬುಡದಿಂದ ತುದಿಯವರೆಗೆ ಸುತ್ತುತ್ತಾ ಟಕ್ ಟಕ್ ಎಂದು ಕುಟ್ಟುತ್ತಾನೆ, ನಡುನಡುವೆ ನಿಲ್ಲಿಸಿ, ತಲೆ ವಾಲಿಸಿ, ಯಾರಾದರೂ ಮಾತಾಡುತ್ತಾರೇನೋ ಎಂದು ಕಾಯುತ್ತಾನೆ.