ತಿಬ್ಬನ ಗುಡ್ಡೆ ಬಾಡು

ನಗೋದು ಆಮೇಲೆ, ಮೊದಲು ಕೇಳಿ. ಚೌಡಮ್ಮನಿಗೆ ತಿಬ್ಬ ಅಂತ ಒಬ್ಬ ಮಗ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ಅದೇ ಅವಳ ಗೋಳು!

ಮಗಳು ಭಾಗ್ಯಳನ್ನು ಪೇಟೆಗೆ ಕೊಟ್ಟಿದ್ದಳು. ಅಲ್ಲಿ ಅತ್ತೆ ಇಂದ್ರಮ್ಮ ದಿನಾ ಚುಚ್ಚುತ್ತಿದ್ದಳು: "ನಿಮ್ಮೂರೋರು ಹಬ್ಬಕ್ಕೊಂದ್ಸಲ ಬಾಡು ಕಾಣೋರು!"

ಚೌಡಮ್ಮನಿಗೆ ರೇಗಿತು. "ಬರ್ಲಿ ಭಾನುವಾರ! ಬಾಡೂಟ ಹಾಕಿ, ನನ್ನ ಮಗಳನ್ನ ಆಡ್ಕೊಳ್ಳೋ ಬಾಯಿ ಮುಚ್ಚಿಸ್ತೀನಿ!" ತಿಬ್ಬನ ಕೈಗೆ ದುಡ್ಡು ಕೊಟ್ಟಳು. "ಪೇಟೆಗೆ ಹೋಗು ಮಗಾ. ಬಾಡಿನ ರೇಟು ಕೇಳು!"

ಹೋದ. ಒಂದಂಗಡಿಯಲ್ಲಿ ಕೇಳಿದ, ಇನ್ನೊಂದರಲ್ಲಿ ಕೇಳಿದ, ಎಲ್ಲ ಅಂಗಡಿಯಲ್ಲೂ ಕೇಳಿದ. ಬರಿಗೈಯಲ್ಲಿ ಬಂದ.

"ಬಾಡೆಲ್ಲೋ?"

"ಕೇಳು ಅಂದೆ, ಕೇಳ್ದೆ! ಕೆಜಿಗೆ ಎಂಟ್ನೂರಂತೆ!"

"ಅಯ್ಯೋ ಮಂಕೇ! ಅದು ನನ್ನ ಎರಡು ದಿನದ ಕೂಲಿ! ರೇಟು ಹೇಳಿದ್ರೆ ಅರ್ಧಕ್ಕೆ ಕೇಳ್ಬೇಕು ಕಣೋ!"

ಭಾನುವಾರ ಬೆಳಿಗ್ಗೆ ಊರಲ್ಲೇ ಗುಡ್ಡೆ ಬಾಡು. ಹತ್ತು ಮನೆಯವರು ದುಡ್ಡು ಹಾಕಿ ಮರಿ ಕಡಿದು, ಹತ್ತು ಸಮ ಗುಡ್ಡೆ ಮಾಡಿ ಹಂಚಿಕೊಳ್ಳುವುದು. ಪೇಟೆಗಿಂತ ಅಗ್ಗ. ತಿಬ್ಬ ಹೋದ. "ಅರ್ಧಕ್ಕೆ ಕೊಡಿ!" ಅಂದ. ಅರ್ಧ ದುಡ್ಡಿಗೆ ಅರ್ಧ ಗುಡ್ಡೆ ಕೊಟ್ಟು ಕಳಿಸಿದರು. ಮಿಕ್ಕ ಗುಡ್ಡೆಗಳೆಲ್ಲ ಆಗಲೇ ಖಾಲಿ!

"ಥೂ ನಿನ್ನ! ಗುಡ್ಡೆಲಿ ಚೌಕಾಸಿ ಮಾಡ್ತಾರೇನೋ? ಅಲ್ಲಿ ಬಡವ ಸಾವ್ಕಾರ ಅಂತಿಲ್ಲ. ಎಲ್ಲರಿಗೂ ಸಮ ಇಡೋದು!"

ಮಧ್ಯಾಹ್ನ ಬೀಗರು ಭಾಗ್ಯಳ ಜೊತೆ ಬಂದು ಎಲೆ ಮುಂದೆ ಕೂತರು. ತಿಬ್ಬ ಬಡಿಸಿದ. ಇಂದ್ರಮ್ಮನಿಗೆ ನಾಲ್ಕು ಚೂರು, ಅವಳ ಗಂಡನಿಗೆ ನಾಲ್ಕು ಚೂರು, ಮುದ್ದೆ ತಿರುವಲು ಬಂದಿದ್ದ ಪಕ್ಕದ ಮನೆ ನಿಂಗಿಗೂ ನಾಲ್ಕು ಚೂರು. ಎಲ್ಲರಿಗೂ ಸಮ!

ಚೌಡಮ್ಮ ಅವನ ರಟ್ಟೆ ಚಿವುಟಿದಳು. "ಮುಟ್ಟಾಳ! ಬೀಗಿತ್ತಿ ಹೇಳ್ದಂಗೆ ಮಾಡೋ!"

ಇಂದ್ರಮ್ಮ ಎಲೆ ದೂಡಿದಳು. "ನಮ್ಮನೇಲಿ ವಾರಾ ವಾರಾ ಎರಡು ಕೆಜಿ! ಇದನ್ನ ತಗೊಂಡೋಗಿ ನಮ್ಮ ಬೀದಿ ನಾಯಿಗೆ ಹಾಕು, ಅದೂ ಮೂಸಲ್ಲ!"

ತಿಬ್ಬ ಎಲೆ ಮಡಿಚಿಕೊಂಡ. ಪೇಟೆ ಬಸ್ ಹತ್ತಿದ.

ಭಾಗ್ಯಳ ಕಣ್ಣಲ್ಲಿ ನೀರು. ಚೌಡಮ್ಮ ಈ ಸಲ ಮಗನನ್ನು ಬೈಯಲಿಲ್ಲ. "ಇದು ನನ್ನ ಕೂಲಿ ಬಾಡು ಬೀಗಿತ್ತಿ, ಕದ್ದಿದ್ದಲ್ಲ! ಭಾಗ್ಯಾ, ತಲೆ ಎತ್ಕೊಂಡು ಉಣ್ಣು!" ಅಂದಳು. ಇಂದ್ರಮ್ಮನಿಗೆ ಬರೀ ಮುದ್ದೆ, ಸಾರು.

ಸಂಜೆ ಬೀಗರು ಹೊರಟಾಗ ಜಗಲಿ ತುಂಬ ಊರವರು. ತಿಬ್ಬ ಏದುಸಿರು ಬಿಡುತ್ತ ಬಂದ. ಹೆಗಲ ಮೇಲೊಂದು ಬಡಕಲು ನಾಯಿ!

"ಅತ್ತೇ, ನೀವು ಹೇಳಿದ್ದು ಸುಳ್ಳು! ಎಲೆ ಸಮೇತ ನುಂಗ್ತು! ನಿಮ್ಮನೆ ಬಾಗಿಲಲ್ಲಿ ಇದು ಮೂಳೆ ಕಂಡು ಆರು ತಿಂಗಳಾಯ್ತಂತೆ, ನಿಮ್ಮ ಪಕ್ಕದ ಮನೆಯೋರೇ ಹೇಳಿದ್ರು. ಪಾಪ, ಅದಕ್ಕೇ ಊಟಕ್ಕೆ ಇಲ್ಲಿಗೇ ಕರ್ಕೊಂಡು ಬಂದೆ!"