ಐದು ಗೂಟದ ಗದ್ದೆ

ಅಜಿತಯ್ಯನವರು ಗಣಿತ ಕಲಿಸುತ್ತಿದ್ದ ಆಶ್ರಮ ಹೊಳೆಯ ದಂಡೆಯಲ್ಲಿತ್ತು. ಅವರಿಗೆ ವಯಸ್ಸಾಗಿತ್ತು. ದೊಡ್ಡ ಮಕ್ಕಳ ಪಾಠವನ್ನು ಶಿಷ್ಯ ಪಾಯಣ್ಣ ನೋಡಿಕೊಳ್ಳುತ್ತಿದ್ದ.

ಆಚೆ ದಡದ ಊರಿನವರು ತಮ್ಮ ಮಕ್ಕಳಿಗೊಬ್ಬ ಗುರು ಬೇಕೆಂದು ಕೇಳಿದ್ದರು. ಹೋದರೆ ತಾನೇ ಹೋಗಬೇಕೆಂದು ಪಾಯಣ್ಣ ಹಟ ತೊಟ್ಟಿದ್ದ. ಹತ್ತು ವರ್ಷ ಕಲಿತದ್ದು ಮತ್ತೇತಕ್ಕೆ?

"ಹುಣ್ಣಿಮೆಗೆ ಅವರು ಬರುತ್ತಾರೆ. ನೀನು ಕಲಿಸಿದ ಮಕ್ಕಳನ್ನು ನೋಡಿ ತೀರ್ಮಾನಿಸೋಣ" ಎಂದರು ಗುರುಗಳು.

ಅಂದಿನಿಂದ ಪಾಯಣ್ಣ ಮಕ್ಕಳ ಬೆನ್ನು ಬಿದ್ದ. ಮಕ್ಕಳು ಹಲಗೆಯ ಮೇಲೆ ನುಣ್ಣನೆ ಮರಳು ಹರಡಿ ಬೆರಳಿನಿಂದ ಲೆಕ್ಕ ಹಾಕುತ್ತಿದ್ದರು. ತಪ್ಪು ಕಂಡರೆ ಕಲಿಸುವವನು ಅಂಗೈಯಿಂದ ಒರೆಸುವುದು ಅಲ್ಲಿನ ಪದ್ಧತಿ. ಪಾಯಣ್ಣನ ಅಂಗೈಗೆ ಬಿಡುವೇ ಇರಲಿಲ್ಲ.

ಒಂದು ದಿನ ಗದ್ದೆಯ ಲೆಕ್ಕ ಕೊಟ್ಟ. ಸಮಾನಾಂತರವಾದ ಎರಡು ಬದಿ, ಒಂದು ಹದಿನಾಲ್ಕು ಮಾರು, ಒಂದು ಆರು. ನಡುವಿನ ಅಗಲ ಐದು. ಎರಡು ಬದಿ ಕೂಡಿಸು, ಅರ್ಧ ಮಾಡು, ಅಗಲದಿಂದ ಗುಣಿಸು. ಇದು ಸೂತ್ರ.

ಚಂದಲೆ ಎಂಬ ಹದಿನೈದರ ಹುಡುಗಿ ಆ ಸೂತ್ರ ಹಿಡಿಯಲೇ ಇಲ್ಲ. ಮೂಲೆಯಿಂದ ಮೂಲೆಗೆ ಗೆರೆ ಎಳೆದು ಗದ್ದೆಯನ್ನು ಎರಡು ತ್ರಿಕೋನ ಮಾಡಿದಳು. ಮೂವತ್ತೈದು, ಹದಿನೈದು. ಒಟ್ಟು ಐವತ್ತು.

ಪಾಯಣ್ಣ ಅದನ್ನು ಒರೆಸಿದ.

ಗುರುಗಳು ಹಿಂದೆಯೇ ನಿಂತಿದ್ದರು. "ಏನದು ಒರೆಸಿದ್ದು?"

"ತಪ್ಪು ದಾರಿ, ಗುರುಗಳೇ."

"ಎಲ್ಲಿಗೆ ಹೋಗುತ್ತಿತ್ತು?"

ಪಾಯಣ್ಣ ತಡವರಿಸಿದ. "ಸರಿಯಾದ ಉತ್ತರಕ್ಕೆ."

"ಓಹೋ" ಎಂದು ಗುರುಗಳು ಸ್ನಾನಕ್ಕೆ ಹೋದರು.

ಹುಣ್ಣಿಮೆಯ ಬೆಳಿಗ್ಗೆ ಊರಿನ ಹಿರಿಯರು ದೋಣಿಯಲ್ಲಿ ಬಂದರು. ಹನ್ನೆರಡು ಮಕ್ಕಳೂ ಒಂದೇ ಉಸಿರಿನಲ್ಲಿ ಸೂತ್ರ ಹೇಳಿ, ಒಂದೇ ಸಮನೆ ಉತ್ತರ ಬರೆದರು. ಹಿರಿಯರು ತಲೆದೂಗಿದರು. ಪಾಯಣ್ಣನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಆಗ ಗುರುಗಳು ಎದ್ದು ದಂಡೆಯ ಮೇಲೆ ಅಡ್ಡಾದಿಡ್ಡಿಯಾಗಿ ಐದು ಗೂಟ ನೆಟ್ಟು, ಸುತ್ತ ಹಗ್ಗ ಕಟ್ಟಿದರು.

"ಮಕ್ಕಳೇ, ಇದೊಂದು ಗದ್ದೆ. ಅಳೆಯಲು ಇನ್ನೊಂದು ಹಗ್ಗ ಇಲ್ಲಿದೆ. ವಿಸ್ತೀರ್ಣ ಎಷ್ಟು?"

ಹನ್ನೊಂದು ಮಂದಿ ಕೈಕಟ್ಟಿ ಕೂತರು. ಚಂದಲೆ ಮಾತ್ರ ಹಗ್ಗ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟಳು. ಆಮೇಲೆ ಪಾಯಣ್ಣನ ಮುಖ ನೋಡಿದಳು. ಹಗ್ಗವನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾಕೆ ಬಿಟ್ಟೆ, ಮಗಳೇ?"

"ಇದನ್ನು ನಮಗೆ ಹೇಳಿಕೊಟ್ಟಿಲ್ಲ, ಗುರುಗಳೇ."

ಆ ಮಾತು ತನಗೇ ತಗಲುತ್ತದೆಂದು ಪಾಯಣ್ಣನಿಗೆ ಗೊತ್ತಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಇಂಥ ಡೊಂಕು ಗದ್ದೆಗೆ ಸೂತ್ರವೇ ಇಲ್ಲವಲ್ಲ, ಗುರುಗಳೇ!"

"ಹೌದೇ? ಹಾಗಾದರೆ ನೀನೇ ಹಾಕು. ಎಲ್ಲರೂ ನೋಡಲಿ."

ಪಾಯಣ್ಣ ಹಲಗೆ ಹಿಡಿದು ಮಕ್ಕಳ ಸಾಲಿನಲ್ಲಿ ಕೂತ. ಮೊದಲ ಸಲ ತಪ್ಪಿತು. ತನ್ನ ಮರಳನ್ನು ತಾನೇ ಒರೆಸಿಕೊಂಡ. ಎರಡನೆಯ ಸಲವೂ ತಪ್ಪಿತು. ಹಿರಿಯರಲ್ಲೊಬ್ಬರು ಕೆಮ್ಮಿದರು. ನಾಚಿಕೆಯಿಂದ ಕಿವಿ ಬಿಸಿಯಾದರೂ ಪಾಯಣ್ಣ ಮೇಲೇಳಲಿಲ್ಲ. ಇವತ್ತು ಇದನ್ನು ಬಿಡಿಸದೆ ಊಟವಿಲ್ಲ ಎಂದುಕೊಂಡ.

ಮೂರನೆಯ ಸಲ ತಲೆ ಎತ್ತಿದ.

"ಚಂದಲೆ, ಅವತ್ತು ನೀನು ಹಾಕಿದ್ದು ತಪ್ಪಾಗಿರಲಿಲ್ಲ. ನಾನು ಒರೆಸಬಾರದಿತ್ತು. ಬಾ, ಹಗ್ಗದ ಆ ತುದಿ ಹಿಡಿ."

ಅವಳು ಹಿಡಿದಳು. ಇಬ್ಬರೂ ಸೇರಿ ಗದ್ದೆಯನ್ನು ಮೂರು ತ್ರಿಕೋನ ಮಾಡಿದರು. ಉತ್ತರ ಬಂತು. ಹಿಂದಿನ ಸಾಲಿನಿಂದ ಒಬ್ಬ ಎದ್ದ. "ಸುತ್ತಲೂ ದೊಡ್ಡ ಚೌಕ ಹಾಕಿ, ಹೆಚ್ಚಾದ ಮೂಲೆಗಳನ್ನು ಕಳೆದರೆ ಆಗಲ್ವಾ?" ಆಯಿತು. ಉತ್ತರ ಅದೇ ಬಂತು. ಅಷ್ಟರಲ್ಲಿ ಎಲ್ಲರೂ ಗೂಟಗಳ ಸುತ್ತ ಸೇರಿ ಗಲಾಟೆ ಎಬ್ಬಿಸಿದ್ದರು. ಹಿರಿಯರೂ ಪಂಚೆ ಎತ್ತಿ ಕಟ್ಟಿ ಮರಳಿಗಿಳಿದಿದ್ದರು.

ಕೊನೆಗೆ ಚಂದಲೆ ಒಂದು ಗೂಟವನ್ನೇ ಕಿತ್ತು, ಹಗ್ಗ ಹಿಡಿದು ಏನೋ ಅಂದಾಜು ಮಾಡಿ, ಪಕ್ಕದ ಬದಿಯ ನೇರಕ್ಕೆ ನೆಟ್ಟಳು. ನಡುವಿನ ಗೂಟ ಆ ಬದಿಯಲ್ಲೇ ಸೇರಿಹೋಗಿ, ಐದು ಮೂಲೆಯ ಗದ್ದೆ ನಾಲ್ಕು ಮೂಲೆಯದಾಯಿತು.

"ಆಕಾರ ಬದಲಾಯ್ತು. ವಿಸ್ತೀರ್ಣ ಅಷ್ಟೇ ಇದೆ, ನೋಡಿ" ಎಂದಳು.

ಪಾಯಣ್ಣ ಎರಡೆರಡು ಸಲ ಅಳೆದ. ಅಷ್ಟೇ ಇತ್ತು.

ಮಧ್ಯಾಹ್ನ ಹಿರಿಯರು ಹೊರಟು ನಿಂತು ಪಾಯಣ್ಣನ ಕಡೆ ಕೈ ತೋರಿಸಿದರು. "ಇವರನ್ನು ನಮ್ಮ ಜೊತೆ ಕಳಿಸಿಕೊಡ್ತೀರಾ, ಗುರುಗಳೇ?"

ಪಾಯಣ್ಣ ತಾನೇ ಮುಂದೆ ಬಂದ. ಹತ್ತು ವರ್ಷ ಕಾದಿದ್ದ ಆಸೆ ಅದು. ಆದರೂ ಹೇಳಿಯೇಬಿಟ್ಟ.

"ನಾನು ಹೇಗೆ ಹೋಗಲಿ, ಗುರುಗಳೇ? ಆ ಹುಡುಗಿ ಗೂಟ ಕಿತ್ತು ನೆಟ್ಟಳಲ್ಲ, ಅದು ಹೇಗಾಯಿತೆಂದು ನನಗಿನ್ನೂ ತಿಳಿದಿಲ್ಲ."

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ದೋಣಿಯ ಕಡೆ ನಡೆಸಿದರು.

"ನಾಳೆ ಅಲ್ಲಿನ ಮಕ್ಕಳಿಗೆ ಮೊದಲು ಈ ಮಾತನ್ನೇ ಹೇಳು."