ಸಾರದೇ ಹೋದ ಸುದ್ದಿ

"ಗುರುಗಳೇ, ನಿಜ ಹೇಳಿದರೆ ಜನರ ನಂಬಿಕೆ ಕೆಡುತ್ತದೆ ಎಂದು ಗೊತ್ತಿರುವಾಗ ಸುಮ್ಮನಿರುವುದು ತಪ್ಪೇ?"

ಹೀಗೆ ಕೇಳಿದವನು ಮಠದ ಆಸ್ಪತ್ರೆಯ ಉಸ್ತುವಾರಿ ಹೊತ್ತಿದ್ದ ಶಿಷ್ಯ. ಆ ತಿಂಗಳು ಅಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಕೆಲವರಿಗೆ ಕೀವು ತುಂಬಿ ದೃಷ್ಟಿಯೇ ಹೋಗಿತ್ತು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವವರು ತಪಾಸಣೆಗೆ ಬರುವವರಿದ್ದರು. ತಾವು ಕಂಡದ್ದನ್ನು ಅವರು ಎಲ್ಲರೂ ಓದುವಂತೆ ಪ್ರಕಟಿಸುತ್ತಾರೆ. ಶಿಷ್ಯ ಸ್ವಾರ್ಥಿಯಲ್ಲ. ಬಡವರು ಹೆದರಿ ಆಸ್ಪತ್ರೆಗೆ ಬರುವುದನ್ನೇ ಬಿಟ್ಟಾರು ಎಂಬುದು ಅವನ ಚಿಂತೆ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ವೈದ್ಯಶಾಲೆ ಇತ್ತು. ಅಲ್ಲಿಯ ವೈದ್ಯ ಒಳ್ಳೆಯವನು. ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳಿಸಿದವನಲ್ಲ. ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಊರ ಹಿರಿಯರು ವೈದ್ಯಶಾಲೆಗೆ ಹೋಗಿ ಒಳಗೆಲ್ಲ ನೋಡುತ್ತಿದ್ದರು. ಎಷ್ಟು ಜನ ಗುಣವಾದರು, ಎಷ್ಟು ಜನ ಸತ್ತರು, ಏಕೆ ಸತ್ತರು ಎಂದು ವಿಚಾರಿಸುತ್ತಿದ್ದರು. ತಿಳಿದದ್ದನ್ನು ಸಂತೆಯ ದಿನ ಡಂಗುರ ಹೊಡೆಸಿ ಸಾರಿಸುತ್ತಿದ್ದರು. ಎಲ್ಲ ಸರಿ ಇದ್ದರೆ ಬಾಗಿಲ ಮೇಲೆ ಊರಿನ ಮುದ್ರೆ ಒತ್ತಿಸುತ್ತಿದ್ದರು. ಅಕ್ಷರ ಬಾರದವರೂ ಆ ಮುದ್ರೆ ನೋಡಿ ಧೈರ್ಯವಾಗಿ ಒಳಗೆ ಹೋಗುತ್ತಿದ್ದರು.

ಒಂದು ವರ್ಷ ಅಲ್ಲಿಯ ಬಾಣಂತಿ ಕೋಣೆಗೆ ಜ್ವರ ಹೊಕ್ಕಿತು. ಹೆರಿಗೆ ಸುಸೂತ್ರವಾಗಿ ಆಗುತ್ತಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ತಾಯಿಯ ಮೈ ಸುಡತೊಡಗುತ್ತಿತ್ತು. ಹೀಗೆ ಹಲವು ಹೆಂಗಸರು ತೀರಿಹೋದರು. ಅವರಲ್ಲಿ ಒಬ್ಬ ನೇಕಾರನ ಹೆಂಡತಿಯೂ ಇದ್ದಳು. ಹೆಣ್ಣುಕೂಸೊಂದು ಅವನ ಕೈಯಲ್ಲಿ ಉಳಿಯಿತು.

ಹಿರಿಯರು ಬಂದಾಗ ವೈದ್ಯ ಅವರಿಂದ ಏನನ್ನೂ ಮುಚ್ಚಿಡಲಿಲ್ಲ. ಕೇಳಿ ಅವರೂ ನೊಂದುಕೊಂಡರು. ಎಲ್ಲರೂ ಕೂಡಿ ಯೋಚಿಸಿದರು. ಇದನ್ನು ಸಾರಿದರೆ ಯಾವ ಬಸುರಿಯೂ ಇತ್ತ ಕಾಲಿಡುವುದಿಲ್ಲ, ಹೆರಿಗೆ ಕಷ್ಟವಾದರೆ ಮನೆಯಲ್ಲೇ ಸಾಯುತ್ತಾಳೆ. ಅದಕ್ಕಿಂತ ಕೋಣೆಗೆ ಸುಣ್ಣ ಬಳಿಸೋಣ, ಹಳೆಯ ಚಾಪೆ ಸುಟ್ಟು ಹೊಸದು ಹಾಸೋಣ, ಸರಿಹೋಗುತ್ತದೆ ಎಂದುಕೊಂಡರು. ಬಾಗಿಲ ಮೇಲೆ ಮುದ್ರೆ ಬಿತ್ತು. ಸಂತೆಯಲ್ಲಿ ಡಂಗುರದವನು, ವೈದ್ಯಶಾಲೆಯಲ್ಲಿ ಎಲ್ಲವೂ ಕ್ಷೇಮ ಎಂದು ಸಾರಿದ.

ನೇಕಾರ ಅಂದು ಸಂತೆಗೆ ಬಂದಿದ್ದ. ಕೂಸಿಗೆ ಹಾಲಾಗುತ್ತದೆ ಎಂದು ಒಂದು ಆಡು ನೋಡುತ್ತಿದ್ದ. ಡಂಗುರ ಕೇಳಿದವನು ಆಡನ್ನು ಅಲ್ಲೇ ಬಿಟ್ಟು ವೈದ್ಯನ ಬಳಿ ಹೋದ.

"ಸ್ವಾಮಿ, ನಿಮ್ಮನ್ನು ದೂರಲು ಬಂದಿಲ್ಲ. ಅವಳಿಗಾಗಿ ನೀವು ಊಟ ನಿದ್ದೆ ಬಿಟ್ಟದ್ದನ್ನು ಕಂಡಿದ್ದೇನೆ. ಇಲ್ಲಿ ಜ್ವರ ಇದೆ ಎಂದು ಒಂದು ಮಾತು ಸಾರಿಸಿಬಿಡಿ. ಮುಂದೆ ಬರುವವಳು ತಿಳಿದು ಬರಲಿ."

ವೈದ್ಯನ ಕಣ್ಣು ತುಂಬಿತು. "ನನಗೂ ಹಾಗೇ ಅನ್ನಿಸಿತ್ತಪ್ಪ. ಆದರೆ ಸಾರಿದರೆ ಕಾಲು ಮುರಿದವನೂ ಬರುವುದಿಲ್ಲ. ವಾಂತಿಭೇದಿಯಾದ ಮಕ್ಕಳನ್ನೂ ತರುವುದಿಲ್ಲ. ನಂಬಿಕೆ ಒಮ್ಮೆ ಹೋದರೆ ಮತ್ತೆ ಕಟ್ಟುವುದು ನನ್ನಿಂದಾಗದು. ಕೋಣೆ ಶುದ್ಧ ಮಾಡಿಸಿದ್ದೇನೆ. ಇನ್ನು ಹಾಗಾಗುವುದಿಲ್ಲ. ನೀನೂ ಯಾರ ಮುಂದೆಯೂ ಆಡಬೇಡ. ನಾಲ್ಕು ಜನರ ಒಳಿತಿಗಾಗಿ ಕೇಳಿಕೊಳ್ಳುತ್ತಿದ್ದೇನೆ."

ನೇಕಾರ ಸಾಧು ಮನುಷ್ಯ. ಇಂಥವನ ಹೆಸರಿಗೆ ನನ್ನಿಂದ ಕೇಡಾಗಬಾರದು ಎಂದುಕೊಂಡು ಮಾತು ಕೊಟ್ಟ. ಹೆಂಡತಿಗೆ ಏನಾಯಿತು ಎಂದು ಯಾರಾದರೂ ಕೇಳಿದರೆ, ಅವಳ ಆಯುಷ್ಯ ಅಷ್ಟೇ ಇತ್ತು ಎನ್ನುತ್ತಿದ್ದ.

ಅವನ ಹೆಂಡತಿಗೆ ಒಬ್ಬ ತಂಗಿ ಇದ್ದಳು. ಹೆಸರು ಚೆನ್ನಾಜಿ. ಚೊಚ್ಚಲ ಬಸುರಿ. ದಿನ ತುಂಬುತ್ತಿದ್ದಾಗ ತಾಯಿಯನ್ನು ಕರೆದುಕೊಂಡು ಭಾವನ ಮನೆಗೆ ಬಂದಳು. ಅಕ್ಕನ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳಿದಳು.

"ಭಾವ, ಅಕ್ಕ ಹೋದದ್ದು ಅಲ್ಲೇ ಎಂದು ಅವ್ವ ಹೆದರುತ್ತಾಳೆ. ಮನೆಯಲ್ಲೇ ಹೆರು ಅನ್ನುತ್ತಾಳೆ. ಅಲ್ಲಿ ಏನಾದರೂ ತೊಂದರೆ ಇದೆಯೇ? ನೀವು ಹೇಳಿದಂತೆ ಮಾಡುತ್ತೇನೆ."

ನೇಕಾರ ಮಗ್ಗದ ಕಡೆ ನೋಡಿದ. ಕೋಣೆಗೆ ಸುಣ್ಣ ಬಳಿಸಿದ್ದು ನೆನಪಾಯಿತು. ವೈದ್ಯನಿಗೆ ಕೊಟ್ಟ ಮಾತು ನೆನಪಾಯಿತು.

"ಏನೂ ಇಲ್ಲ, ಹೋಗಮ್ಮ. ಹಿರಿಯರು ನೋಡಿ ಸಾರಿಸಿದ್ದಾರಲ್ಲ," ಎಂದ.

ಚೆನ್ನಾಜಿ ಹೋದಳು. ಗಂಡುಮಗು ಹುಟ್ಟಿತು. ಮಗುವಿಗೆ ಹೆಸರಿಡುವ ಮೊದಲೇ ಅವಳು ಜ್ವರದಲ್ಲಿ ತೀರಿಕೊಂಡಳು. ಗಂಡ ಮಗುವನ್ನು ಎತ್ತಿಕೊಂಡು ತನ್ನೂರಿಗೆ ಹೋದ. ಮತ್ತೆ ನೇಕಾರನ ಹೊಸಿಲು ತುಳಿಯಲಿಲ್ಲ. ಅತ್ತೆ ಅಳಿಯನನ್ನು ಒಂದು ಮಾತೂ ಅನ್ನಲಿಲ್ಲ. ಅದನ್ನೇ ಅವನಿಂದ ತಾಳಿಕೊಳ್ಳಲು ಆಗಲಿಲ್ಲ.

ಮುಂದಿನ ಸಂತೆಯಲ್ಲಿ ಅವನು ಡಂಗುರದ ಕಟ್ಟೆ ಹತ್ತಿ ನಿಂತ. ಕೂಗಲಿಲ್ಲ. ಪಕ್ಕದವನ ಜೊತೆ ಮಾತನಾಡುವ ಹಾಗೆ ಹೇಳಿದ. "ನನ್ನ ಹೆಂಡತಿ ಬಾಣಂತಿ ಕೋಣೆಯ ಜ್ವರಕ್ಕೆ ಸತ್ತಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ತಂಗಿಯನ್ನು ಅಲ್ಲಿಗೇ ಕಳಿಸಿದೆ."

ಜನ ಸಂತೆಗೆ ಬಂದಿದ್ದ ವೈದ್ಯನ ಕಡೆ ತಿರುಗಿದರು. ವೈದ್ಯನೂ ಕಟ್ಟೆ ಹತ್ತಿ ಅವನ ಪಕ್ಕದಲ್ಲಿ ನಿಂತ. "ಅವನು ಹೇಳುವುದು ನಿಜ," ಎಂದ.

ಅಂದಿನಿಂದ ವೈದ್ಯಶಾಲೆ ಬರಿದಾಯಿತು. ಆದರೆ ಸಂತೆಗೆ ಬಂದವರ ಬಾಯಿಂದ ಸುದ್ದಿ ಹೊಳೆಯಾಚೆಯ ಊರಿಗೂ ಮುಟ್ಟಿತು. ಅಲ್ಲಿಯ ವೈದ್ಯ ತಾನಾಗಿಯೇ ಹೊರಟು ಬಂದ. ವೈದ್ಯಶಾಲೆಯ ಬಟ್ಟೆ ಒಗೆಯುವ ತೊಟ್ಟಿಯ ಬಳಿ ನಿಂತು ಹೇಳಿದ. "ನಮ್ಮಲ್ಲೂ ಈ ಜ್ವರ ಬಂದಿತ್ತು. ಹುಣ್ಣು ಕಟ್ಟಿದ ಬಟ್ಟೆಯನ್ನೂ ಬಾಣಂತಿಯರ ಬಟ್ಟೆಯನ್ನೂ ಒಂದೇ ತೊಟ್ಟಿಯಲ್ಲಿ ಅದ್ದುತ್ತಿದ್ದೆವು. ಬೇರೆ ಮಾಡಿ, ಕುದಿಸಿ ಒಗೆಸತೊಡಗಿದ ಮೇಲೆ ಜ್ವರ ನಿಂತಿತು."

"ಇದನ್ನು ಮೊದಲೇ ಏಕೆ ತಿಳಿಸಲಿಲ್ಲ?" ಎಂದು ಈ ವೈದ್ಯ ಕೇಳಿದ.

"ನಿಮಗೆ ಬಂದದ್ದು ನಮಗೆ ಗೊತ್ತಿರಲಿಲ್ಲ. ನಮಗೆ ಬಂದದ್ದನ್ನು ನಾವೂ ಸಾರಿರಲಿಲ್ಲ," ಎಂದು ಅವನು ತಲೆ ತಗ್ಗಿಸಿದ.

ಆಮೇಲೆ ಇಲ್ಲಿಯೂ ಹಾಗೆಯೇ ಮಾಡಿದರು. ಜ್ವರ ನಿಂತಿತು. ಹಿರಿಯರು ಅಂದಿನಿಂದ ಸತ್ತವರ ಸುದ್ದಿಯನ್ನೂ ಬಿಡದೆ ಸಾರಿಸಿದರು. ಮೊದಲು ಜನ ದೂರದಲ್ಲೇ ನಿಂತು ಕೇಳಿದರು. ಬರಬರುತ್ತ ಕಾಲು ಮುರಿದವರು ಬಂದರು, ಮಕ್ಕಳನ್ನು ಹೊತ್ತವರು ಬಂದರು. ಬಸುರಿಯರೂ ಬಂದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ತುಸು ಹಗುರವಾಗಿತ್ತು.

"ಹಾಗಾದರೆ ಕೊನೆಗೂ ಜನರ ನಂಬಿಕೆ ಹಿಂದಿರುಗಿತಲ್ಲ, ಗುರುಗಳೇ," ಎಂದ.

"ನಂಬಿಕೆ ಹಿಂದಿರುಗಿತು ಮಗು, ನಂಬಿ ಹೋದವಳು ಹಿಂದಿರುಗಲಿಲ್ಲ."